ತಲೆ ತಗ್ಗಿಸಿದ ಹದಿನೈದು ದಿನ

ಬೇರೆಯವರಿಗೆ ಕಾಯಿಲೆ ಬಂದರೆ ಕಾಯಿಲೆಯಷ್ಟೇ ಬರುತ್ತದೆ. ನನಗೆ ಹಾಗಲ್ಲ, ಜೊತೆಗೆ ನಗೆಪಾಟಲೂ ಬಂದು ವಕ್ಕರಿಸುತ್ತದೆ. ಜ್ವರ ಬಂದಾಗಲೂ ಹೀಗೇ, ಹಲ್ಲು ಕೀಳಿಸಿದಾಗಲೂ ಹೀಗೇ. ಆದರೆ ಕಣ್ಣಿನ ಆಪರೇಷನ್ನಿನಲ್ಲಿ ಆದದ್ದರ ಮುಂದೆ ಅವೆಲ್ಲ ಏನೂ ಅಲ್ಲ. ಆಗ ಕೆ. ಹೊಸಕೋಟೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ನನ್ನ ಟೈಲರ್ ಅಂಗಡಿ. ಊರಿಗೆ ಫೋನು ಬಂದಿತ್ತು, ಮೊಬೈಲು ಇನ್ನೂ ಬಂದಿರಲಿಲ್ಲ.

೧. ಇಲ್ಲದ ದಾರ

ಒಂದು ಬೆಳಿಗ್ಗೆ ಬಿಳಿ ಬಟ್ಟೆ ಕತ್ತರಿಸುತ್ತಿದ್ದೆ. ಅದರ ಮೇಲೆ ಕರಿ ದಾರದ ಚೂರು. ಕೈಯಿಂದ ಒರೆಸಿದೆ, ಊದಿದೆ, ಬಟ್ಟೆ ಕೊಡವಿದೆ. ಹೋಗಲಿಲ್ಲ. ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದ ಹೆಂಡತಿಯನ್ನು, ಬಿಳಿ ಬಟ್ಟೆ ಹತ್ತಿರ ಕರಿ ದಾರ ಬಿಚ್ಚಬೇಡ ಎಂದು ಎಷ್ಟು ಸಲ ಹೇಳಬೇಕು ಅಂತ ಬೈದೆ. ಅವಳು ಬಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ಎದ್ದು ಹೋದಳು.

ಅಷ್ಟರಲ್ಲಿ ಎಸ್ಟೇಟಿನ ಧಣಿ ಅಳತೆ ಕೊಡಲು ಬಂದರು. ಅವರೆದುರು ಊರಿನಲ್ಲಿ ಯಾರೂ ಕೂರುವುದಿಲ್ಲ. ಅವರ ಶರ್ಟಿನ ಎದೆಯ ಮೇಲೂ ಅದೇ ದಾರ. ಮರ್ಯಾದೆಯಿಂದ ಎರಡು ಬೆರಳಿನಲ್ಲಿ ಕಿತ್ತೆ. ಬರಲಿಲ್ಲ. ದಾರ ಅವರ ಗಲ್ಲಕ್ಕೆ ಹೋಯಿತು, ಅಲ್ಲಿಂದ ಮೂಗಿಗೆ. ನಾನೂ ಬಿಡಲಿಲ್ಲ. ಮೂಗಿಗೆ ಕೈ ಹಾಕಿದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿ, ಇದು ಕಣ್ಣಿನ ತೊಂದರೆ ಎಂದು ಹೇಳಿ, ತಮ್ಮ ಜೀಪಿನಲ್ಲೇ ಹಾಸನದ ಡಾಕ್ಟರ ಹತ್ತಿರ ಕಳಿಸಿದರು. ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಅಂತಾರೆ. ನನಗೆ ಜೀಪಿನ ಬಾಗಿಲೇ ತೆರೆಯಿತು.

೨. ವಿಮಾನ ಬೇಡ

ಹಾಸನದವರು ಬೆಂಗಳೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಸಾವಧಾನವಾಗಿ ಬಿಡಿಸಿ ಹೇಳಿದರು. ಕಣ್ಣಿನೊಳಗೆ ಲೋಳೆಯಂಥದ್ದು ತುಂಬಿರುತ್ತದೆ, ಅದು ಎಳೆದು ಹಿಂದಿನ ಪರದೆ ಕಿತ್ತು ಬಂದಿದೆ. ಲೋಳೆ ತೆಗೆದು, ಪರದೆ ಅಂಟಿಸಿ, ಒಳಗೆ ಒಂದು ಗಾಳಿಗುಳ್ಳೆ ಬಿಡುತ್ತೇವೆ. ಗುಳ್ಳೆ ಯಾವಾಗಲೂ ಮೇಲಕ್ಕೆ ತೇಲುತ್ತದಲ್ಲ, ನೀವು ಮುಖ ಕೆಳಗೆ ಮಾಡಿದರೆ ಅದು ಹೋಗಿ ಪರದೆಯನ್ನು ಒತ್ತಿ ಹಿಡಿಯುತ್ತದೆ. ಹದಿನೈದು ದಿನ ತಲೆ ಎತ್ತಬೇಡಿ, ಎತ್ತಿದರೆ ಪರದೆ ಮತ್ತೆ ಕಿತ್ತೀತು, ಆಮೇಲೆ ಸೂಜಿಗೆ ದಾರ ಪೋಣಿಸುವುದನ್ನು ಮರೆತುಬಿಡಿ ಎಂದರು. ಹೊಲಿಗೆ ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ನಿಜಕ್ಕೂ ಹೆದರಿದೆ.

ಕೊನೆಗೆ ಇನ್ನೊಂದು ಮಾತು ಸೇರಿಸಿದರು. ಗುಳ್ಳೆ ಕರಗುವವರೆಗೆ ವಿಮಾನ ಹತ್ತಬಾರದು, ಎತ್ತರಕ್ಕೆ ಹೋದರೆ ಗುಳ್ಳೆ ಉಬ್ಬುತ್ತದೆ. ಆಕಾಶದಲ್ಲಿ ಹಾರುವಾಗ ಬಿಟ್ಟರೆ ನಾನು ವಿಮಾನ ಕಂಡವನೇ ಅಲ್ಲ. ಹೆಂಡತಿ ಮಾತ್ರ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ಊರಲ್ಲಿ ಯಾರು ವಿಚಾರಿಸಿದರೂ ಕಣ್ಣಿನ ಸುದ್ದಿ ಆಮೇಲೆ. ಮೊದಲು, "ಸದ್ಯಕ್ಕೆ ವಿಮಾನದಾಗೆ ಓಡಾಡ್ಬ್ಯಾಡಿ ಅಂದವ್ರೆ. ಅದ್ಕೇ ಬಸ್ಸಲ್ಲಿ ಕರ್ಕಂಡ್ ಬಂದೆ" ಎನ್ನುತ್ತಿದ್ದಳು.

೩. ಬಸ್ಸಿನಲ್ಲಿ ಬಂದ ನಿಂಬೆಹಣ್ಣು

ಆಪರೇಷನ್ ಮುಗಿಸಿ ಊರಿಗೆ ಬಂದ ಆ ಬಸ್ಸಿನ ಕಥೆಯನ್ನೂ ಹೇಳಬೇಕು. ಮುಂದಿನ ಸೀಟಿನ ಕಂಬಿಗೆ ಟವೆಲು ಸುತ್ತಿ, ಅದಕ್ಕೆ ಹಣೆ ಕೊಟ್ಟು ಕೂತಿದ್ದೆ. ಬಸ್ಸು ಬೆಂಗಳೂರು ಬಿಡುವ ಮೊದಲೇ ಪಕ್ಕದವರು ನನ್ನ ಗಲ್ಲದ ಕೆಳಗೆ ಪ್ಲಾಸ್ಟಿಕ್ ಕವರು ಹಿಡಿದರು. ಹಿಂದಿನ ಸೀಟಿನ ಹೆಂಗಸು, ಮೂಸಿ ನೋಡಲಿ ಅಂತ ಒಂದು ನಿಂಬೆಹಣ್ಣು ಕೊಟ್ಟರು. ಕಂಡಕ್ಟರು ಬಂದು, ಕುಡಿದು ಬಸ್ ಹತ್ತಿದರೆ ಇಲ್ಲೇ ಇಳಿಸುತ್ತೇನೆ ಎಂದು ಗದರಿದರು. ಹೆಂಡತಿ ಎದ್ದು ನಿಂತು ಪರದೆ, ಲೋಳೆ, ಗುಳ್ಳೆ ಎಲ್ಲವನ್ನೂ ಇಡೀ ಬಸ್ಸಿಗೆ ಕೇಳುವ ಹಾಗೆ ವಿವರಿಸಿದಳು.

ಕಣ್ಣಿನಿಂದ ಲೋಳೆ ತೆಗೆದದ್ದು ಕೇಳಿ ಇಬ್ಬರಿಗೆ ನಿಜವಾಗಿಯೂ ಹೊಟ್ಟೆ ತೊಳೆಸಿ, ನನಗೆ ಹಿಡಿದಿದ್ದ ಕವರು ಅವರ ಕಡೆ ಹೋಯಿತು. ನಿಂಬೆಹಣ್ಣು ಮಾತ್ರ ಎಲ್ಲರೂ ನನಗೇ ಕೊಡುತ್ತಾ ಬಂದರು. ಹಾಸನ ಬರುವಷ್ಟರಲ್ಲಿ ಒಂಬತ್ತಾಗಿದ್ದವು. ಆ ವರ್ಷ ನಮ್ಮ ಮನೆಯ ಉಪ್ಪಿನಕಾಯಿ ಆ ಬಸ್ಸಿನದೇ.

೪. ಅಣ್ಣನ ಕ್ಷಮೆ

ಪಾಳ್ಯದಲ್ಲಿರುವ ನನ್ನ ದೊಡ್ಡಪ್ಪನ ಮಗ ನನ್ನ ಜೊತೆ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಅವನ ಮದುವೆಗೆ ನಾನು ಹೊಲಿದ ಸಫಾರಿಯ ಪ್ಯಾಂಟು ಒಂದು ಕಾಲು ಉದ್ದ, ಒಂದು ಗಿಡ್ಡ ಕಾಣುತ್ತಿತ್ತು. ಪ್ಯಾಂಟು ಸರಿಯಾಗಿದೆ, ನಿನ್ನ ಕಾಲೇ ಒಂದು ಗಿಡ್ಡ ಎಂದುಬಿಟ್ಟೆ, ಅದೂ ಹೆಣ್ಣಿನ ಕಡೆಯವರ ಮುಂದೆ. ನೀನು ನನ್ನ ಮುಂದೆ ತಲೆ ತಗ್ಗಿಸುವವರೆಗೂ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಅವನು ಆಣೆ ಮಾಡಿದ್ದ.

ನನ್ನ ಸುದ್ದಿ ಪಾಳ್ಯಕ್ಕೂ ಹೋಯಿತು. ಆಪರೇಷನ್ನಿನ ವಿಷಯ ದಾರಿಯಲ್ಲೆಲ್ಲೋ ಉದುರಿಹೋಗಿ, ನಾನು ತಲೆ ತಗ್ಗಿಸಿ ಕೂತಿದ್ದೇನೆ ಎನ್ನುವುದಷ್ಟೇ ತಲುಪಿತ್ತು. ಹತ್ತನೇ ದಿನ ಅಣ್ಣ ಬಂದ. ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದ ನನಗೆ ದನಿಯಿಂದಲೇ ಗೊತ್ತಾಯಿತು.

"ಸಾಕು ಬುಡು, ತಲೆ ಎತ್ತು" ಅಂದ. ನಾನು ಎತ್ತಲಿಲ್ಲ. "ಅಷ್ಟೊಂದು ಬ್ಯಾಡ ಮಾರಾಯ, ಎತ್ತೋ" ಅಂದ.

ನನ್ನ ಮೈಯೆಲ್ಲ ಉರಿಯಿತು. ಇದು ನಿನಗೆ ತಗ್ಗಿಸಿದ ತಲೆಯಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಎತ್ತಿದರೆ ಕಣ್ಣು ಹೋಗುತ್ತದೆ, ಎತ್ತದಿದ್ದರೆ ಮಾನ ಹೋಗುತ್ತದೆ. ಕಣ್ಣು ಹೋದರೆ ಹೋಗಲಿ ಎಂದು ಕತ್ತು ಸ್ವಲ್ಪ ಎತ್ತಿಯೂ ಬಿಟ್ಟೆ. ಹೆಂಡತಿ ಓಡಿಬಂದು ಕತ್ತು ಒತ್ತಿ ಹಿಡಿದಳು. ಇವತ್ತು ನಾನು ಹೊಲಿಯುತ್ತಿದ್ದೇನೆ ಎಂದರೆ ಅವಳ ಆ ಕೈಯಿಂದ.

"ಎತ್ತುಸ್ಬ್ಯಾಡಿ ಭಾವ, ಇನ್ನೂ ಐದು ದಿನ ಬಗ್ಸಿರ್ಬೇಕು" ಅಂದಳು.

ಅಣ್ಣನಿಗೆ ಗಾಬರಿಯಾಯಿತು. "ನಾನೇನು ಅಷ್ಟು ದಿನ ಕೇಳಿರ್ಲಿಲ್ವಲ್ಲಮ್ಮ" ಅಂದ.

ಒತ್ತಿ ಹಿಡಿದ ತಲೆಗೆ ಕಾಣುತ್ತಿದ್ದದ್ದು ಅವನ ಕಾಲು ಮಾತ್ರ. ಇನ್ನೊಂದು ಕಣ್ಣು ಚೆನ್ನಾಗಿತ್ತಲ್ಲ, ಅದರಲ್ಲಿ ನೋಡಿದೆ. ಬೇರೆ ಯಾರೋ ಹೊಲಿದ ಪ್ಯಾಂಟು. ಎರಡೂ ಕಾಲಿನ ಅಂಚು ಚಪ್ಪಲಿಯ ಮೇಲೆ ಒಂದೇ ಸಮ ಕೂತಿತ್ತು. ಆ ಟೈಲರು ಗಿಡ್ಡ ಕಾಲಿಗೆ ತಕ್ಕಂತೆ ಹೊಲಿದಿರಬಹುದು ಎಂದುಕೊಂಡೆ. ಅಷ್ಟರಲ್ಲಿ ಅಣ್ಣ ಕುಕ್ಕುರುಗಾಲಿನಲ್ಲಿ ಕೂತ. ಎರಡು ಮಂಡಿಯೂ ಸಮ. ತಪ್ಪು ಎಂಟು ವರ್ಷದಿಂದ ನನ್ನದೇ ಆಗಿತ್ತು.

ಕೂತರೂ ಅವನಿಗೆ ನನ್ನ ಮುಖ ಕಾಣಲಿಲ್ಲ. ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ನನ್ನ ಕಾಲುಗಳ ನಡುವೆ ತೂರಿಸಿ, ಕೆಳಗಿನಿಂದ ಮೇಲಕ್ಕೆ ನೋಡಿದ. "ನಿನ್ ಮುಖ ನೋಡಿ ಎಂಟು ವರ್ಷ ಆಗಿತ್ತು ಕಣೋ" ಅಂದ.

ಅವನ ಹಣೆಯ ಮೇಲೆ ಟಪ್ಪನೆ ಒಂದು ಹನಿ ಬಿತ್ತು.

"ಅಳಬ್ಯಾಡ ಕಣೋ" ಅಂದ.

"ಅಳು ಅಲ್ಲಣ್ಣ, ಕಣ್ಣಿಗೆ ಬುಟ್ಟಿರೋ ಔಷ್ದಿ" ಅಂದೆ.

"ಅಯ್ಯೋ, ಔಷ್ದಿ ಬೆಳಿಗ್ಗಿಂದ ಬುಟ್ಟೇ ಇಲ್ಲ ಕಣ್ರೀ" ಅಂದಳು ಹೆಂಡತಿ. "ತಡೀರಿ, ಈಗ ತರ್ತೀನಿ."