ಗಾಳಿಚೀಲದ ಮೇಲೊಂದು ರಜೆ

ಯಜಮಾನರ ಬಿಳಿ ಪ್ಯಾಂಟಿನ ಮೇಲೆ ಚಹಾ ಚೆಲ್ಲಿದ್ದೇ ಎಲ್ಲದಕ್ಕೂ ಮೂಲ. ಚೆಲ್ಲಿದ್ದು ಯಜಮಾನರ ಲೋಟದಿಂದ, ಯಜಮಾನರ ಕೈಯಿಂದ, ಯಜಮಾನರ ಕಾರಿನಲ್ಲಿ. ಬೈಸಿಕೊಂಡವನು ಮಾತ್ರ ಡ್ರೈವರ್. ಯಜಮಾನರ ಕಾರ್ಖಾನೆಯಲ್ಲಿ ಕೆಲಸ ಹಂಚಿಕೆಯಾಗಿದ್ದುದೇ ಹಾಗೆ.

"ಕಾರು ಓಡಿಸ್ತಿದೀಯೋ, ನನ್ನನ್ನ ಮೆಟ್ಟಿಲ ಮೇಲಿಂದ ಉರುಳಿಸ್ತಿದೀಯೋ?"

"ಗಾಡಿನೇ ಹಾಗೆ ಸಾರ್..."

"ಗಾಡಿಗೇನಾಗಿದೆ? ಗಾಳಿ ಸಸ್ಪೆನ್ಷನ್ ಹಾಕ್ಸಿಲ್ವಾ?"

ಹಾಕಿಸಿದ್ದೇ ರೋಗ. ಕಂಪನಿಯಿಂದ ಬರುವಾಗ ಆ ಕಾರಿಗೆ ಒಳ್ಳೆಯ ಕಬ್ಬಿಣದ ಸ್ಪ್ರಿಂಗುಗಳಿದ್ದವು. ಯಜಮಾನರ ಭಾವಮೈದುನ ಎಲ್ಲೋ ನೋಡಿಕೊಂಡು ಬಂದು, ಅವನ್ನು ಕೀಳಿಸಿ ನಾಲ್ಕು ಚಕ್ರಕ್ಕೂ ರಬ್ಬರಿನ ಗಾಳಿಚೀಲ ಕೂರಿಸಿದ್ದ. ಒಂದು ಗುಂಡಿ ಒತ್ತಿದರೆ ಕಾರು ಏಳುತ್ತಿತ್ತು, ಇನ್ನೊಂದು ಒತ್ತಿದರೆ ಸ್ಸ್ ಎಂದು ನಿಟ್ಟುಸಿರಿಟ್ಟು ನೆಲಕ್ಕೆ ಕುಕ್ಕರಿಸುತ್ತಿತ್ತು. ಕಾರ್ಖಾನೆಯ ಬಾಗಿಲಲ್ಲಿ ಯಜಮಾನರು ಇಳಿಯುವಾಗ ಕಾರು ತಾನಾಗಿ ಬಗ್ಗುವುದನ್ನು ನೋಡಿದರೆ, ನಿಂತ ಕೆಲಸಗಾರರಿಗೂ ಬೆನ್ನು ನೆಟ್ಟಗಿಡಲು ಸಂಕೋಚವಾಗುತ್ತಿತ್ತು. ನೋಡುವವರಿಗೆ ಸೊಗಸು, ಕೂತವರಿಗೆ ಶಿಕ್ಷೆ. ರಸ್ತೆಯಲ್ಲಿ ಚಿಕ್ಕ ಹಳ್ಳ ಸಿಕ್ಕರೂ ಕಾರು ಕೋಪಿಸಿಕೊಂಡ ಕತ್ತೆಯಂತೆ ಹಿಂಗಾಲು ಝಾಡಿಸುತ್ತಿತ್ತು.

ಯಜಮಾನರದು ಹಾಸಿಗೆ ಕಾರ್ಖಾನೆ. ಊರಿಗೆಲ್ಲ ಹಾಸಿಗೆ ಮಾರುವ ಆ ಮನುಷ್ಯನಿಗೆ ನಿದ್ದೆ ಮಾತ್ರ ಬರುತ್ತಿರಲಿಲ್ಲ. ಹಾಸಿಗೆ ಹೊಲಿಯುವವರೋ, ಊಟದ ಬಿಡುವಿನಲ್ಲಿ ಬರೀ ಸಿಮೆಂಟು ನೆಲಕ್ಕೆ ಬೆನ್ನು ತಾಗಿದರೆ ಸಾಕು, ಗೊರಕೆ ಹೊಡೆಯುತ್ತಿದ್ದರು. ಈ ಅನ್ಯಾಯ ನೋಡಲಾರದೆ ಯಜಮಾನರು ಊಟದ ಬಿಡುವನ್ನೇ ಅರ್ಧಕ್ಕಿಳಿಸಿದ್ದರು.

ಡ್ರೈವರನಿಗೆ ಬೇಕಿದ್ದದ್ದು ನಿದ್ದೆಯಲ್ಲ, ಒಂದು ದಿನದ ರಜೆ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಎರಡು ತಾಸಿನ ದಾರಿ. ಹೆಣ್ಣುಮಗು ಹುಟ್ಟಿತು ಎಂದು ಸುದ್ದಿ ಬಂದ ದಿನದಿಂದ ಅವನು ರಜೆ ಕೇಳುತ್ತಲೇ ಇದ್ದ, ಯಜಮಾನರು "ನೋಡೋಣ" ಎನ್ನುತ್ತಲೇ ಇದ್ದರು. ಮಗಳು ನಕ್ಕಿದ್ದು, ಮಗ್ಗುಲಾದದ್ದು, ಮೊನ್ನೆ ಬೋರಲು ಬಿದ್ದದ್ದು ಎಲ್ಲವನ್ನೂ ಫೋನಿನಲ್ಲೇ ನೋಡಿದ್ದ. ಫೋನಿಗೆ ಹಾಲಿನ ವಾಸನೆಯಿಲ್ಲ, ಬೆಚ್ಚಗಿನ ನೆತ್ತಿಯಿಲ್ಲ. ಗೋದಾಮಿನಲ್ಲಿ ಯಾರೂ ಇಲ್ಲದಾಗ ಒಂದು ತಲೆದಿಂಬನ್ನು ತೋಳಿನ ಮೇಲೆ ಮಲಗಿಸಿಕೊಂಡು, ಇಷ್ಟು ಭಾರ ಇರಬಹುದೇ ಎಂದು ನಿಂತುಬಿಡುತ್ತಿದ್ದ. ಒಮ್ಮೆ ವಾಚ್‌ಮನ್ ಅದನ್ನು ಕಂಡು, "ಏನಪ್ಪಾ, ದಿಂಬು ಕದಿಯೋಕೆ ಬಂದು ಅದಕ್ಕೇ ಲಾಲಿ ಹಾಡ್ತಿದೀಯಾ?" ಎಂದಿದ್ದ.

ಈಗ ಒದ್ದೆ ಪ್ಯಾಂಟನ್ನು ಕರ್ಚೀಫಿನಿಂದ ಒರೆಸುತ್ತ ಯಜಮಾನರು ಹೇಳಿದರು: "ನೋಡು, ಈ ಕಾರಲ್ಲಿ ಚಹಾ ಚೆಲ್ಲದ ದಿನ ನಿನಗೆ ರಜಾ. ಮಾತು ಅಂದ್ರೆ ಮಾತು."

"ಇವತ್ತೇ ಆದ್ರೆ, ಸಾರ್?"

"ಇವತ್ತೇ ಹೋಗು."

ಡ್ರೈವರ್ ಕಾರನ್ನು ಕಾರ್ಖಾನೆಯ ಅಂಗಳಕ್ಕೆ ತಂದು ನಿಲ್ಲಿಸಿದ. ಸುದ್ದಿ ಹೊಲಿಗೆ ವಿಭಾಗಕ್ಕೆ ತಲುಪುವ ಮೊದಲೇ ಸಲಹೆ ಕೊಡುವವರು ತಲುಪಿದರು.

"ಗಾಳಿ ಸಾಲದು, ತುಂಬು," ಎಂದ ವಾಚ್‌ಮನ್. "ಮೆತ್ತಗಾಗೋದೇ ಗಾಳಿಯಿಂದ. ಬಲೂನು ನೋಡಿಲ್ವಾ?"

ತುಂಬಿದರು. ಅಂಗಳದ ಉಬ್ಬು ದಾಟುವಾಗ ಕಾರು ಚೆಂಡಿನ ಹಾಗೆ ಪುಟಿಯಿತು. ಹಿಂದೆ ಕೂತಿದ್ದ ವಾಚ್‌ಮನ್ನಿನ ಟೋಪಿ ಚಾವಣಿಗೂ ತಲೆಗೂ ನಡುವೆ ರೊಟ್ಟಿಯಾಯಿತು.

"ಮೂರ್ಖರಾ, ಗಾಳಿ ಜಾಸ್ತಿಯಾದ್ರೆ ಗಟ್ಟಿ ಆಗತ್ತೆ. ಬಿಡಿ!" ಎನ್ನುತ್ತ ಸೂಪರ್‌ವೈಸರ್ ಬಂದು ಕೂತ. ಬಿಟ್ಟರು. ಈ ಸಲ ಗಾಳಿಚೀಲ ಪೂರ್ತಿ ಕುಸಿದು, ಉಬ್ಬಿನ ಮೇಲೆ ಕಾರಿನ ಹೊಟ್ಟೆಯೇ ದಢಾರನೆ ಬಡಿಯಿತು. ಮಾತಿನ ಮಧ್ಯದಲ್ಲಿದ್ದ ಸೂಪರ್‌ವೈಸರ್ ನಾಲಿಗೆ ಕಚ್ಚಿಕೊಂಡ. ಆ ದಿನವಿಡೀ ಅವನಿಂದ ಯಾರನ್ನೂ ಬೈಯಲಾಗಲಿಲ್ಲ. ಹೊಲಿಗೆ ವಿಭಾಗದಲ್ಲಿ ಡ್ರೈವರನ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು.

ಆ ಪ್ರೀತಿಯ ಮುಂದಾಳಾಗಿ ಹತ್ತಿ ತುಂಬುವ ಅಕ್ಕ ಬಂದಳು. ಕೂದಲು, ಹುಬ್ಬು, ರವಿಕೆಯ ತೋಳು, ಎಲ್ಲೆಲ್ಲೂ ಹತ್ತಿಯೇ.

"ಏನ್ ತಮ್ಮಾ ಇದು, ಹಾಸಿಗೆ ಕಾರ್ಖಾನೇಲಿದ್ಕೊಂಡು ಗಾಡೀನೂ ಹಾಸಿಗೆ ಥರಾನೇ ಪಾಸ್ ಮಾಡೋದು ಬಿಟ್ಟು! ಬನ್ರೇ, ಕೂತ್ಕೊಳ್ರೇ."

ಆ ಕಾರ್ಖಾನೆಯಲ್ಲಿ ಹಾಸಿಗೆ ಪಾಸಾಗಲು ಒಂದು ಕ್ರಮವಿತ್ತು. ನಾಲ್ವರು ಹೆಂಗಸರು ನಾಲ್ಕು ಮೂಲೆಯಲ್ಲಿ ಧೊಪ್ಪನೆ ಕೂತು, ಒಟ್ಟಿಗೆ ಏಳಬೇಕು. ಹಾಸಿಗೆ ಅರ್ಧ ತಗ್ಗಬೇಕು, ಒಂದೇ ಸಲ ಮೇಲೇಳಬೇಕು, ಆಮೇಲೆ ತೆಪ್ಪಗಿರಬೇಕು.

"ಯಜಮಾನ್ರು ನಮ್ಮನ್ನ ಪಾಸ್ ಮಾಡೋದೂ ಹಿಂಗೇ ಅಲ್ವೇನಕ್ಕಾ?" ಎಂದಳು ಒಬ್ಬಳು.

"ನಮ್ಗೆ ಒಂದ್ ಸಲ ಏಳೋಕೂ ಬಿಡಲ್ಲ ಕಣೇ," ಎಂದಳು ಅಕ್ಕ.

ಹೆಂಗಸರು ನಗುತ್ತ ಕಾರಿನ ನಾಲ್ಕು ಮೂಲೆಗೆ ಭಾರ ಹಾಕಿ ಎದ್ದರು. ಕಾರು ಎದ್ದು, ಬಿದ್ದು, ಮತ್ತೆ ಎದ್ದು, ದೋಣಿಯಂತೆ ತೂಗಾಡಿತು. "ಫೇಲು!" ಡ್ರೈವರ್ ಚಕ್ರದ ಸಂದಿನಲ್ಲಿ ತೂರಿ, ಕುಣಿತ ತಡೆಯುವ ಷಾಕ್ ಅಬ್ಸಾರ್ಬರಿನ ತಿರುಪನ್ನು ಕೊಂಚ ಬಿಗಿಮಾಡಿದ. ಮತ್ತೆ ಕೂತರು, ಎದ್ದರು. "ಫೇಲು!" ಚೀಲದ ಗಾಳಿಯನ್ನು ಅತ್ತ ಪೂರ್ತಿಯೂ ಅಲ್ಲ, ಇತ್ತ ಖಾಲಿಯೂ ಅಲ್ಲದಂತೆ ನಡುಮಟ್ಟಕ್ಕೆ ತಂದ. ಕಲ್ಲಿನಂತಿದ್ದ ಟೈರುಗಳಿಂದಲೂ ಹೆಚ್ಚಿನ ಗಾಳಿ ಬಿಟ್ಟ. ಕೂರುವುದು, ಏಳುವುದು, ತಿರುಪುವುದು. ಅವನ ಮೈಯೆಲ್ಲ ಗ್ರೀಸು, ಗ್ರೀಸಿನ ಮೇಲೆ ಅಕ್ಕಂದಿರ ಹತ್ತಿ. ಸುಟ್ಟ ಕುರಿಮರಿಯ ಹಾಗೆ ಕಾಣುತ್ತಿದ್ದ. ಕೊನೆಗೆ ಕಾರು ತಗ್ಗಿತು, ಒಮ್ಮೆ ಎದ್ದಿತು, ತೆಪ್ಪಗಾಯಿತು.

"ಪಾಸು! ಹೋಗ್ಬಿಟ್ಟು ಬಾ ತಮ್ಮಾ," ಎಂದಳು ಅಕ್ಕ. "ಮಗೂನ ನಮ್ಮೆಲ್ಲರ ಲೆಕ್ಕದಲ್ಲೂ ಎತ್ತಾಡ್ಸು."

ಯಜಮಾನರು ಕೈಯಲ್ಲಿ ತುಂಬಿದ ಲೋಟ ಹಿಡಿದು ಕೂತರು. ಕಾರು ಉಬ್ಬು ದಾಟಿತು, ಗುಂಡಿ ದಾಟಿತು, ರೈಲುಹಳಿ ದಾಟಿತು. ಚಹಾ ಚೆಲ್ಲಲಿಲ್ಲ. ಯಜಮಾನರು ಲೋಟ ಖಾಲಿ ಮಾಡಿ ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಿಂದ ಒಂದು ಸದ್ದು ಬಂತು. ಗೇರಿನದೆಂದು ಡ್ರೈವರ್ ಹೆದರಿದ. ಗೊರಕೆ!

ಕಾರ್ಖಾನೆಗೆ ಮರಳಿ ಕಾರು ನಿಂತದ್ದೇ ತಡ, ಯಜಮಾನರಿಗೆ ಎಚ್ಚರವಾಯಿತು. ಅವರ ಕಣ್ಣಲ್ಲಿ ನೀರು.

"ನಿದ್ದೆ ಬಂತು ಕಣಯ್ಯಾ! ನನಗೆ! ಯಾಕೆ ನಿಲ್ಲಿಸ್ದೆ, ಪಾಪಿ?"

"ರಜಾ, ಸಾರ್..."

"ಕೊಟ್ಟೆ! ಮಾತು ಅಂದ್ರೆ ಮಾತು. ನಿಮ್ಮ ಅತ್ತೆಮನೆ ಎಷ್ಟು ದೂರ?"

"ಎರಡು ತಾಸು."

"ಭೇಷ್. ಇದೇ ಕಾರಲ್ಲಿ ಹೋಗು. ನಾನೂ ಬರ್ತೀನಿ. ನಿನಗೆ ರಜಾ ಆಯ್ತು, ನನಗೆ ನಿದ್ದೆ ಆಯ್ತು. ಒಂದೇ ಮಾತು, ಗಾಡಿ ನಿಂತ್ರೆ ನನಗೆ ಎಚ್ಚರ ಆಗತ್ತೆ. ನಾನು ಎದ್ದೆ ಅಂದ್ರೆ ನಿನ್ನ ರಜಾ ಮುಗೀತು ಅಂತ ತಿಳ್ಕೋ."

"ಆಯ್ತು ಸಾರ್," ಎಂದು ಡ್ರೈವರ್ ಕೈಮುಗಿದ. ಯಜಮಾನರೇ ಡ್ರೈವರನ ಅತ್ತೆಮನೆಗೆ ಹೊರಟರೆಂದು ಗೇಟಿನಲ್ಲಿ ವಾಚ್‌ಮನ್ ಸೆಲ್ಯೂಟ್ ಹೊಡೆದ. ಅಕ್ಕಂದಿರು ಕೈಬೀಸಿದರು. ಗೇಟು ದಾಟಿದ್ದೇ ಹಿಂದಿನ ಸೀಟಿನಲ್ಲಿ ಗೊರಕೆ ಶುರುವಾಯಿತು.

ದಾರಿಯುದ್ದಕ್ಕೂ ಡ್ರೈವರ್ ಬ್ರೇಕನ್ನು ಮುಟ್ಟಿದರೂ ಮುಟ್ಟದಂತಿದ್ದ. ಕೆಂಪು ದೀಪ ಕಂಡರೆ ದೂರದಿಂದಲೇ ಇರುವೆಯಂತೆ ತೆವಳಿ, ಹಸಿರಾಗುವವರೆಗೆ ಹೊತ್ತು ಕಳೆಯುತ್ತಿದ್ದ. ಹಿಂದಿನ ಗಾಡಿಗಳವರು ಹಾರನ್ನಿನಲ್ಲಿ ಅವನ ವಂಶವನ್ನೆಲ್ಲ ನೆನೆದರು. ಅವನ ಕಣ್ಣಿಗೆ ಮಗಳ ಮುಖ ಬಿಟ್ಟು ಬೇರೇನೂ ಇರಲಿಲ್ಲ. ಎತ್ತಿಕೊಂಡರೆ ಅಳುತ್ತಾಳೋ, ದಿಟ್ಟಿಸುತ್ತಾಳೋ? ಅಪ್ಪನೆಂದು ಗೊತ್ತಾಗುವುದು ಹೇಗೆ?

ಸಂಜೆಯ ಬಿಸಿಲಿನಲ್ಲಿ ಅತ್ತೆಮನೆಯ ಬೀದಿ ಬಂತು. ಬಾಗಿಲಲ್ಲಿ ಹೆಂಡತಿ, ಅವಳ ತೋಳಲ್ಲಿ ಮಗು. ಡ್ರೈವರ್ ಕಿಟಕಿಯ ಗಾಜಿಳಿಸಿದ. ಕಾರು ಮನೆ ದಾಟಿ ಮುಂದೆ ಹೋಯಿತು. ನಿಲ್ಲುವಂತಿಲ್ಲವಲ್ಲ! ಬೀದಿಯ ತುದಿಯ ನೀರಿನ ಟ್ಯಾಂಕನ್ನು ಸುತ್ತಿಕೊಂಡು ಮತ್ತೆ ಬಂದ.

"ಅಳಿಯಂದ್ರೇ, ಮನೆ ಇದೇ!" ಎಂದು ಅತ್ತೆ ಕೂಗಿದರು.

ಅವನು ತುಟಿಯ ಮೇಲೆ ಬೆರಳಿಟ್ಟು ಹಿಂದಿನ ಸೀಟು ತೋರಿಸುತ್ತ ಮುಂದೆ ಹೋದ.

"ಅಯ್ಯಯ್ಯೋ, ಬ್ರೇಕ್ ಹೋಗಿದೆ! ಮಾತೂ ನಿಂತುಹೋಗಿದೆ! ಯಾರಾದ್ರೂ ಬನ್ರೋ!"

ಅಕ್ಕಪಕ್ಕದವರು ಬಂದರು. ಒಬ್ಬ ಚಕ್ರಕ್ಕೆ ಅಡ್ಡವಾಗಿ ದೊಡ್ಡದೊಂದು ಕಲ್ಲನ್ನೇ ಇಟ್ಟ. ಡ್ರೈವರ್ ನಿಲ್ಲಿಸಲಿಲ್ಲ. ಕಾರು ಕಲ್ಲನ್ನು ಹತ್ತಿ ಇಳಿಯಿತು. ಯಜಮಾನರ ಗಲ್ಲವೂ ಅಲುಗಲಿಲ್ಲ, ನಿದ್ದೆಯಲ್ಲೇ ಮುಗುಳ್ನಕ್ಕರು. ಇಷ್ಟು ಚೆನ್ನಾಗಿ ಯಾಕಾದರೂ ರಿಪೇರಿ ಮಾಡಿದೆನೋ, ಇಲ್ಲದಿದ್ದರೆ ಇವರು ಬೆನ್ನಿಗೇ ಬರುತ್ತಿರಲಿಲ್ಲ ಎಂದು ಡ್ರೈವರ್ ಮನಸ್ಸಿನಲ್ಲೇ ತನ್ನನ್ನು ಬೈದುಕೊಂಡ.

ಮುಂದಿನ ಸುತ್ತಿನಲ್ಲಿ ಹೆಂಡತಿ ಮಗುವನ್ನು ಅವಚಿಕೊಂಡು ಕಿಟಕಿಯ ಜೊತೆ ಹೆಜ್ಜೆ ಹಾಕತೊಡಗಿದಳು.

"ಇಳಿಯಲ್ವೇನ್ರೀ?"

"ಗಾಡಿ ನಿಂತ್ರೆ ಅವ್ರು ಏಳ್ತಾರೆ. ಅವ್ರು ಎದ್ರೆ ರಜಾ ಮುಗೀತು."

"ಇದ್ಯಾವ ಸೀಮೆ ರಜಾ ರೀ?" ಅವಳು ಮಗುವನ್ನು ಕಿಟಕಿಯತ್ತ ಎತ್ತಿ ಹಿಡಿದಳು. "ನೋಡಿ, ನಿಮ್ಮನ್ನೇ ನೋಡ್ತಿದಾಳೆ."

ಮಗಳು ನಿಜಕ್ಕೂ ನೋಡುತ್ತಿದ್ದಳು. ಕಿಟಕಿಯಿಂದ ಅವನು ಚಾಚಿದ ಬೆರಳನ್ನು ಪುಟ್ಟ ಮುಷ್ಟಿ ಹಿಡಿಯಿತು. ಟ್ಯಾಂಕಿನ ಸುತ್ತ ಮೂವರೂ ಹಾಗೆಯೇ ಒಂದು ಸುತ್ತು ಹೋದರು, ಅವನು ಕೂತು, ಅವಳು ನಡೆದು, ಮಗು ಇಬ್ಬರ ನಡುವೆ ತೂಗಿ. ಆ ಮುಷ್ಟಿ ಬಿಡಲಿಲ್ಲ. ಬೆರಳು ಬಿಡಿಸಿಕೊಳ್ಳಲು ಅವನಿಂದಲೂ ಆಗಲಿಲ್ಲ.

"ಏಳ್ಲಿ ಬಿಡೇ," ಎಂದ ಡ್ರೈವರ್ ಇದ್ದಕ್ಕಿದ್ದಂತೆ. "ಕೆಲಸ ಹೋದ್ರೆ ಹೋಗ್ಲಿ." ಬ್ರೇಕನ್ನು ಪೂರ್ತಿ ಒತ್ತಿದ. ಎರಡೂ ಕೈ ಚಾಚಿದ.

ಹಿಂದಿನ ಸೀಟಿನಲ್ಲಿ ಯಜಮಾನರು ಮೈಮುರಿದು ಕಣ್ಣುಬಿಟ್ಟರು. ಮನೆ, ಹೆಂಗಸು, ಮಗು, ಸೇರಿದ ಜನ, ಎಲ್ಲವನ್ನೂ ನೋಡಿದರು. ಕೋಪ ಬರಲಿಲ್ಲ, ತೃಪ್ತಿಯಿಂದ ಅವರ ಮುಖ ಹಿಗ್ಗಿತು.

"ಓಹೋ, ಎಲ್ಲರನ್ನೂ ನೋಡಿದ್ದಾಯ್ತಾ? ಚೆನ್ನಾಗಿತ್ತಾ ರಜಾ? ಸರಿ, ಗಾಡಿ ತಿರುಗಿಸು." ಡ್ರೈವರನ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು. ಯಜಮಾನರು ಮುಂದಕ್ಕೆ ಬಾಗಿ ಅವನ ಬೆನ್ನು ತಟ್ಟಿದರು. "ನಿನ್ನಂಥವರಿಗೆ ಎಷ್ಟು ಕೊಟ್ಟರೂ ಕಡಿಮೆ ಕಣಯ್ಯಾ. ಇನ್ಮೇಲೆ ದಿನಾ ನಿನಗೆ ಹಿಂಗೇ ರಜಾ, ನನಗೆ ನಿದ್ದೆ."