ಹದಿನೇಳನೆಯ ಕಲ್ಲಿನ ಬಾಲ

ಪ್ರಾಚೀನ ವಸ್ತುಗಳ ಖಾತೆಯ ಕಚೇರಿ, ಮುಕ್ಕಾಂ ರಾಣೆಬೆನ್ನೂರು
ಜಾವಕ ನಂ. ಕಲ್ಲು/ಬೆಕ್ಕು/೧೭ (ತಿದ್ದಿ ೧೮)
ತಾ. ೬ ಮಾರ್ಚ್ ೧೯೩೯

ವಿಷಯ: ಕದರಮಂಡಲಗಿಯ ಆಚೆ ಬೀಳುಭೂಮಿಯಲ್ಲಿ ದುಂಡಗೆ ನಿಲ್ಲಿಸಿರುವ ಪ್ರಾಚೀನ ಕಲ್ಲುಗಳ ಸುತ್ತಿನೊಳಕ್ಕೆ ಸಾಕು ಬೆಕ್ಕುಗಳು ಬಂದುಹೋಗುವ ಬಗ್ಗೆ, ಹಾಗೂ ಸದರಿ ಸುತ್ತಿನ ಕಾವಲುಗಾರ ತಿರಕಪ್ಪನ ನೌಕರಿ ಉಳಿಯುವ ಅಥವಾ ಹೋಗುವ ಬಗ್ಗೆ.

ಉಲ್ಲೇಖ: (೧) ಹಿರಿಯ ಕಾರಕೂನರ ಮೊದಲ ಎಣಿಕೆ, ಕಲ್ಲು ಹದಿನೇಳು. (೨) ಸಾಹೇಬರ ಖುದ್ದು ಎಣಿಕೆ, ಕಲ್ಲು ಹದಿನಾರು. (೩) ಹಿರಿಯ ಕಾರಕೂನರ ಎರಡನೆಯ ಎಣಿಕೆ, ಕಲ್ಲು ಹದಿನೆಂಟು. (೪) ಫಕ್ಕೀರವ್ವ ಎಂಬ ರೈತ ಹೆಂಗಸಿನ ಬೈಗುಳ, ಬಾಯಿಮಾತಿನದು, ಪೂರ್ತಿ ಬರೆದುಕೊಂಡಿಲ್ಲ.

ಬೆಕ್ಕು ಸಾಕಿದ ಸಮಸ್ತರಿಗೂ ಖಾತೆಯ ನೌಕರರಿಗೂ ಈ ಮೂಲಕ ಸೂಚಿಸಲಾಗುವುದೇನೆಂದರೆ:

೧. ಸುತ್ತಿನ ಕಲ್ಲುಗಳ ಮೊದಲ ಎಣಿಕೆಯನ್ನು ಹಿರಿಯ ಕಾರಕೂನರಾದ ಶ್ರೀ ಅಣ್ಣಾಜಿಯವರು ನೆರವೇರಿಸಿದರು. ಸುತ್ತಿನೊಳಗೆ ಯಾರೂ ಕಾಲಲ್ಲಿ ಜೋಡು ಮೆಟ್ಟಿಕೊಂಡು ಹೋಗಬಾರದೆಂಬ ನಡಾವಳಿ ಊರಲ್ಲಿದೆ. ಒಳಗೆ ನೆಗ್ಗಿಲಮುಳ್ಳು ಹೇರಳವಾಗಿದೆ. ಆದಕಾರಣ ಶ್ರೀಯುತರು ಊರಿನ ನಡಾವಳಿಯನ್ನೂ ತಮ್ಮ ಬೂಟುಗಳನ್ನೂ ಏಕಕಾಲಕ್ಕೆ ಗೌರವಿಸಿ, ಬ್ಯಾಡಗಿ ಪೇಟೆಗೆ ಹೊರಟಿದ್ದ ಮೆಣಸಿನಕಾಯಿ ಗಾಡಿಯ ಚೀಲದ ಮೇಲೆ ಕುಳಿತುಕೊಂಡೇ ಎಣಿಸಿದರು. ಎಣಿಕೆಯುದ್ದಕ್ಕೂ ಅವರ ಕಣ್ಣಲ್ಲಿ ನೀರು ಹರಿಯುತ್ತಿದ್ದುದು ಕರ್ತವ್ಯನಿಷ್ಠೆಯಿಂದ ಎಂದು ದಾಖಲಾಗಿದೆ.

೨. ತರುವಾಯ ಸಾಹೇಬರು ಖುದ್ದಾಗಿ ಬಂದು, ಬರಿಗಾಲಲ್ಲಿ ಒಳಹೊಕ್ಕು, ಒಂದೊಂದನ್ನೂ ಕೈಯಿಂದ ಮುಟ್ಟಿ ಎಣಿಸಲಾಗಿ ಹದಿನಾರೇ ಸಿಕ್ಕವು. ದಾಖಲಾದ ಎಣಿಕೆ ತಪ್ಪಿರುವುದು ಸಾಧ್ಯವಿಲ್ಲ. ಆದ್ದರಿಂದ ಒಂದು ಕಲ್ಲು ಕಳುವಾಗಿದೆಯೆಂದು ನಿರ್ಧರಿಸಿ ಕಾವಲುಗಾರ ತಿರಕಪ್ಪನಿಂದ ಜಬಾಬು ಕೇಳಲಾಯಿತು.

೩. ಜಬಾಬು: "ಸಾಹೇಬ್ರ, ಕಲ್ಲು ನಮ್ಮಪ್ಪನ ಕಾಲದಿಂದ ಹದಿನಾರ ಅದಾವರಿ. ಕಾರಕೂನ್ರು ಹದಿನೇಳನೇದು ಅಂತ ಎಣಿಸಿದ್ದು ಫಕ್ಕೀರವ್ವನ ಬೂದಿ ಬೆಕ್ಕರಿ. ದಿನಾ ಮುಂಜಾನೆ ಬಿಸಲು ಕಾಸಾಕ ಬಂದು ಮುದ್ದಿ ಆಗಿ ಮಕ್ಕೊಂತೈತಿ. ಸಾಹೇಬ್ರು ಬಂದ ದಿನ ಆಕಿ ನೆಲದಾಗ ಜ್ವಾಳಾ ತುಂಬಿಟ್ಟ ಹಗೇವು ತಗದಿದ್ಲು, ಬೆಕ್ಕು ಇಲಿ ಹಿಡ್ಯಾಕ ಮನ್ಯಾಗ ಉಳೀತು. ಕಾಂತೇಶನ ಆಣಿರಿ, ನಾ ಕಲ್ಲು ಕದ್ದು ಏನ ಮಾಡ್ಲಿ, ತಿನ್ಲೇನು?"

ಆಣೆಯು ಎಣಿಕೆಯ ಸಾಧನವಲ್ಲ. ಕಲ್ಲು ತಿನ್ನುವ ವಿಷಯವನ್ನು ಯಾರೂ ಕೇಳದೆಯೇ ಕಾವಲುಗಾರನು ತಾನಾಗಿ ಎತ್ತಿರುವುದು ಗಮನಿಸತಕ್ಕದ್ದಾಗಿದೆ. ಹದಿನೇಳನೆಯ ಕಲ್ಲನ್ನು ಹಾಜರುಪಡಿಸದಿದ್ದರೆ ನೌಕರಿಯಿಂದ ತೆಗೆಯಲಾಗುವುದೆಂದು ಅವನಿಗೆ ತಾಕೀತು ಮಾಡಲಾಯಿತು.

೪. ತಿರಕಪ್ಪನು ಬೆಕ್ಕನ್ನು ಕೇಳಲು ಫಕ್ಕೀರವ್ವನ ಮನೆಗೆ ಹೋದನೆಂದೂ ಆಕೆ ಈ ಕೆಳಗಿನಂತೆ ಅಂದಳೆಂದೂ ತಿಳಿದುಬಂದಿದೆ: "ಬೆಕ್ಕ ಕೊಡಂಗಿಲ್ಲೋ ತಮ್ಮಾ. ನನ್ನ ಜ್ವಾಳಾ ನಿಮ್ಮ ಸಾಹೇಬ ಬಂದು ಕಾಯ್ತಾನೇನು? ಒಂದು ಕಲ್ಲಿನ ಸಲುವಾಗಿ ನಿನ್ನ ಹೊಟ್ಟಿ ಮ್ಯಾಲ ಹೊಡೀತಾರಂದ್ರ, ನನ್ನ ಅರಿಬಿ ಒಗ್ಯಾ ಕಲ್ಲು ಒಯ್ದು ಇಡು. ನೌಕರಿ ಉಳದ ಮ್ಯಾಲ ಹೊಳ್ಳಿ ತಂದ ಕೊಡು, ಮರೀಬ್ಯಾಡ ಮತ್ತ." ಮುಂದಿನ ಮಾತುಗಳು ಖಾತೆಯನ್ನು ಕುರಿತವಾಗಿದ್ದು ಇಲ್ಲಿ ಅಪ್ರಸ್ತುತ.

೫. ಒಗೆಯುವ ಕಲ್ಲನ್ನು ಸುತ್ತಿನಲ್ಲಿ ನಿಲ್ಲಿಸಿದ ಮೇಲೆ ಶ್ರೀ ಅಣ್ಣಾಜಿಯವರು ಅದೇ ಗಾಡಿಯಿಂದ ಎರಡನೆಯ ಎಣಿಕೆ ನಡೆಸಿದರು. ಅಂದು ಬೆಕ್ಕೂ ಬಂದಿತ್ತು. ಕಲ್ಲು ಹದಿನೆಂಟಾದವು. ಒಮ್ಮೆ ಒಂದು ಕಲ್ಲನ್ನು ಕಡಿಮೆ ಮಾಡಿದವನು ಇನ್ನೊಮ್ಮೆ ಒಂದನ್ನು ಹೆಚ್ಚು ಮಾಡಿರುವುದರಿಂದ ಕಾವಲುಗಾರನ ಮೇಲಿನ ಅನುಮಾನ ಎರಡೂ ಕಡೆಯಿಂದ ಬಲವಾಗಿದೆ.

೬. ಹೊಸದಾಗಿ ಕಂಡುಬಂದ ಕಲ್ಲಿನ ಮೇಲೆ ಸಾಬೂನಿನ ಅಂಶವಿರುವುದು ಗೊತ್ತಾಗಿದೆ. ಇದರಿಂದ ಈ ಭಾಗದ ಪ್ರಾಚೀನ ಜನರು ಸಾಬೂನು ಬಳಸುತ್ತಿದ್ದರೆಂದು ಸಿದ್ಧವಾಗುತ್ತದೆ. ಸದರಿ ಕಲ್ಲನ್ನು ನಂ. ೧೭ ಎಂದು ದಾಖಲಿಸಿ ಸರಕಾರಕ್ಕೆ ಜಮಾ ಮಾಡಿಕೊಳ್ಳಲಾಗಿದೆ. ಫಕ್ಕೀರವ್ವ ಅದನ್ನು ಹಿಂದಕ್ಕೆ ಕೇಳತಕ್ಕದ್ದಲ್ಲ. ಮುದ್ದೆಯಾಗಿ ಬೂದಿ ಬಣ್ಣಕ್ಕಿರುವ ಇನ್ನೊಂದನ್ನು ನಂ. ೧೮ ಎಂದು ದಾಖಲಿಸಲಾಗಿದೆ.

೭. ಇನ್ನು ಮುಂದೆ ಇಂಥ ಗೊಂದಲವಾಗದಂತೆ, ಸುತ್ತಿನೊಳಕ್ಕೆ ಬರುವ ಸಾಕು ಬೆಕ್ಕುಗಳು ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:

(ಅ) ಬೆಕ್ಕುಗಳು ಬರಿಗಾಲಲ್ಲಿಯೇ ಪ್ರವೇಶಿಸಬೇಕು. ಈ ಬಾಬತ್ತಿನಲ್ಲಿ ಅವುಗಳ ಈವರೆಗಿನ ನಡತೆ ತೃಪ್ತಿಕರವಾಗಿದೆ.

(ಆ) ಎಣಿಕೆ ನಡೆದಿರುವಾಗ ಒಳಗಿರುವ ಪ್ರತಿಯೊಂದು ಬೆಕ್ಕೂ ತಾನು ಕಲ್ಲಲ್ಲವೆಂಬುದು ಗಾಡಿಯವರೆಗೆ ಕಾಣುವಂತೆ ಬಾಲ ಆಡಿಸುತ್ತಿರಬೇಕು. ಕಲ್ಲುಗಳು ಬಾಲ ಆಡಿಸಕೂಡದು.

(ಇ) ನಂ. ೧೮ ಕಲ್ಲೆಂದು ದಾಖಲಾಗಿರುವುದರಿಂದ ಅದು ಬೆಕ್ಕಾಗಿದ್ದರೂ (ಆ) ಕಲಮು ಅದಕ್ಕೆ ಅನ್ವಯಿಸದು. ಅದು ಬಾಲವನ್ನು ಮಡಚಿಟ್ಟುಕೊಂಡು ಸುಮ್ಮನಿರತಕ್ಕದ್ದು.

(ಈ) ಸುತ್ತಿನೊಳಗಿನ ಇಲಿಗಳು ಎಷ್ಟು ಪ್ರಾಚೀನವೆಂಬುದು ಇನ್ನೂ ನಿರ್ಣಯವಾಗಿಲ್ಲ. ಅಲ್ಲಿಯವರೆಗೆ ಅವನ್ನು ಹಿಡಿಯಬಾರದು. ಇಲಿಯು ತಾನಾಗಿ ಸುತ್ತಿನ ಹೊರಗೆ ಬಂದರೆ ಖಾತೆಯ ಅಭ್ಯಂತರವಿಲ್ಲ.

(ಉ) ಕಲ್ಲಿಗೆ ಉಗುರು ಮಸೆಯುವ ಬೆಕ್ಕುಗಳು ಒಂದೇ ಸಾಲಿನಲ್ಲಿ, ಎಡದಿಂದ ಬಲಕ್ಕೆ ಮಸೆಯಬೇಕು. ಇಂಥ ಗೀರುಗಳಲ್ಲಿ ಒಂದನ್ನು ಶ್ರೀ ಅಣ್ಣಾಜಿಯವರು ಈಗಾಗಲೇ ಶಾಸನವೆಂದು ಓದಿದ್ದು, ಅದರಲ್ಲಿ ಯಾವುದೋ ಭೂದಾನದ ಸಂಗತಿ ಇರುವಂತೆ ತೋರುತ್ತದೆ. ಕೊನೆಯ ಸಾಲು ಸ್ಪಷ್ಟವಾಗಿಲ್ಲದ್ದರಿಂದ ಸಂಬಂಧಪಟ್ಟ ಬೆಕ್ಕು ಬಂದು ಪೂರ್ತಿ ಮಾಡಿಕೊಡತಕ್ಕದ್ದು.

೮. ನೌಕರಿ ಉಳಿಸಿಕೊಡಬೇಕೆಂದು ಕಾವಲುಗಾರ ತಿರಕಪ್ಪನು ಕೊಟ್ಟ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ. ಬರುವ ಸೋಮವಾರದ ಕೊನೆಯ ಎಣಿಕೆಯಲ್ಲಿ ಹದಿನೆಂಟು ಕಲ್ಲುಗಳೂ ಹಾಜರಿದ್ದಲ್ಲಿ ಅವನ ನೌಕರಿ ಉಳಿಯುವುದು. ಬೆಕ್ಕು ಬಾರದಿದ್ದರೆ ತಿರಕಪ್ಪನು ಬೂದಿ ಬಣ್ಣದ ಕಂಬಳಿ ಹೊದ್ದು, ಮಂಡಿಗೆ ತಲೆಯಿಟ್ಟು ಕುಳಿತು, ನಂ. ೧೮ರ ಜಾಗವನ್ನು ಹಂಗಾಮಿಯಾಗಿ ತುಂಬತಕ್ಕದ್ದು. ಕಲ್ಲಿಗೆ ಪಗಾರವಿಲ್ಲದ್ದರಿಂದ ಅಷ್ಟು ಹೊತ್ತಿಗೆ ಮುಂಚಿತವಾಗಿ ರಜೆ ಬರೆದುಕೊಡಬೇಕು.

೯. ಎಣಿಕೆಯ ಹೊತ್ತಿಗೆ ಕಾವಲುಗಾರನು ತನ್ನ ಜಾಗದಲ್ಲಿ ನಿಂತಿರುವುದು ಕಾಣಬೇಕು. ಕಾಣದಿದ್ದರೆ ರಜೆಯ ಸಬೂಬು ಕೇಳದೆ ಅಂದೇ ಕೆಲಸದಿಂದ ತೆಗೆಯಲಾಗುವುದು. ೮ನೆಯ ಮತ್ತು ೯ನೆಯ ಕಲಮುಗಳೆರಡನ್ನೂ ಕೂಡಿಯೇ ಪಾಲಿಸತಕ್ಕದ್ದು.

ಸಾಹೇಬರ ಪರವಾಗಿ,
(ಸಹಿ) ಅಣ್ಣಾಜಿ
ಹಿರಿಯ ಕಾರಕೂನ

ನಕಲು:
ಸಾಹೇಬರಿಗೆ, ಕಲ್ಲುಗಳನ್ನು ಮುಟ್ಟಿ ಎಣಿಸುವ ಪದ್ಧತಿಯನ್ನು ದಯವಿಟ್ಟು ಬಿಡಬೇಕೆಂಬ ವಿನಂತಿಯೊಡನೆ.
ಬ್ಯಾಡಗಿಯ ಮೆಣಸಿನಕಾಯಿ ಗಾಡಿಯವನಿಗೆ, ಸೋಮವಾರವೂ ಬರಬೇಕೆಂದು.
ಫಕ್ಕೀರವ್ವನಿಗೆ. ಓದಿ ಹೇಳುವವನು ಅಂಗಳದ ಹೊರಗೇ ನಿಂತುಕೊಳ್ಳುವುದು ಲೇಸು.
ತಿರಕಪ್ಪನಿಗೆ. ಕಲ್ಲಾಗುವ ಮೊದಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳತಕ್ಕದ್ದು.
ಕಲ್ಲು ನಂ. ೧೮ಕ್ಕೆ. ಮೈಮೇಲೆ ಅಂಟಿಸತಕ್ಕದ್ದು.

ನಕಲು ಮುಟ್ಟಿಸಿದ ಕಚೇರಿ ಸಿಪಾಯಿ ದಾದಾಸಾಬನು ಸೋಮವಾರ ಬರೆಸಿದ ಷರಾ:

"ಫಕ್ಕೀರವ್ವ ಮನ್ಯಾಗ ಸಿಗಲಿಲ್ಲರಿ. ಒಗ್ಯಾ ಕಲ್ಲು ಎಲ್ಲೈತ್ಯೋ ಅಲ್ಲೇ ಒಗೀತೇನಿ ಅಂತ ಅರಿಬಿ ಗಂಟು ಹೊತಗೊಂಡು ಸುತ್ತಿನ ಕಡೆ ಹೋಗಿದ್ಲು. ನಾನೂ ಹೋದೆ. ಬೆಕ್ಕು ಬರ್ತೈತ್ಯೋ ಇಲ್ಲೋ ಅಂತ ಅಂಜಿ ತಿರಕಪ್ಪ ಹೊತ್ತು ಏರೂದ್ರಾಗ ಕಂಬಳಿ ಹೊದ್ದು ಕುಂತಿದ್ದ. ಆಮ್ಯಾಲ ಬೆಕ್ಕೂ ಬಂತು, ಅವನ ಬಾಜೂಕ ಮಕ್ಕೊಂತು. ಏಳೋ ಮಾರಾಯಾ, ಬೆಕ್ಕು ಬಂದೈತಿ, ಎದ್ದು ನಿಂದ್ರು ಅಂದೆ. ಅವ ಏಳಾಕ ಹೋದ. ಅಷ್ಟರಾಗ ಫಕ್ಕೀರವ್ವ ಅವನ ಬೆನ್ನ ಮ್ಯಾಲ ಹಸಿ ಸೀರಿ ಒಣಗಾಕಿ, ಅಲುಗಾಡಬ್ಯಾಡೋ, ಸೀರಿ ಮಣ್ಣಾಗ್ತೈತಿ, ನನ್ನ ಕಲ್ಲಂತೂ ಕಳದಿ, ಇಷ್ಟರ ಮಾಡು ಅಂದ್ಲು. ಕುಂತ. ಅಷ್ಟೊತ್ತಿಗೆ ಗಾಡಿ ಬಂತರಿ. ಬೆಕ್ಕಿಗೆ ಕಾಗದ ಅಂಟಸಾಕ ಹೋಗಿ ನನ್ನ ಕೈ ಪರಚೇತಿ. ದವಾಖಾನಿಗೆ ಹೋಗಾಕ ರಜಾ ಬೇಕ್ರಿ."

ಅದರ ಕೆಳಗೆ, ಹಿರಿಯ ಕಾರಕೂನರ ಷರಾ:

"ಎಣಿಸಲಾಯಿತು. ಕಲ್ಲು ಹತ್ತೊಂಬತ್ತು. ಕಾವಲುಗಾರ ಕಾಣಲಿಲ್ಲ."