ಎಲ್ಲಾ ಗಂಡಿರುವೆ ಕಣ್ರಿ!

ಮಳೆ ನಿಂತ ಬೆಳಿಗ್ಗೆ ವಿನೋಬನಗರದ ಬಾಡಿಗೆ ಮನೆಯಲ್ಲಿ ಹನುಮೇಶ್ ಕಾಫಿ ಲೋಟ ಎತ್ತಿದರೆ, ಒಳಗೊಂದು ರೆಕ್ಕೆ ಇರುವೆ ಈಜುತ್ತಿತ್ತು. ಅಡುಗೆಮನೆ ಬಾಗಿಲ ಚೌಕಟ್ಟಿನ ಬಿರುಕಿನಿಂದ ಅದರ ಬಂಧುಬಳಗವೆಲ್ಲ ದಿಬ್ಬಣ ಹೊರಟಿತ್ತು.

ಬೇರೆ ದಿನವಾದರೆ ಪೊರಕೆ ಸಾಕಿತ್ತು. ಆದರೆ ಅಂದು ಮನೆ ಓನರ್ ಕಸ್ತೂರಮ್ಮ ಹರಿಹರದಿಂದ ಬರುವವರಿದ್ದರು. ಮನೆ ಇಟ್ಟುಕೊಂಡ ರೀತಿ ನೋಡಿ ಒಪ್ಪಿದರೆ ಸರಿ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಹಿಂದಿನ ಬಾಡಿಗೆಯವರನ್ನು ಇರುವೆ ವಿಷಯಕ್ಕೇ ಬಿಡಿಸಿದ್ದು ಬೀದಿಗೆಲ್ಲ ಗೊತ್ತಿತ್ತು.

ಪೊರಕೆ ಎತ್ತುವಷ್ಟರಲ್ಲಿ ಪಕ್ಕದ ಮನೆ ದಿನೇಶ್ ನುಗ್ಗಿದ. "ತಡೀರಿ! ಮೊದ್ಲು ಗಂಡೋ ಹೆಣ್ಣೋ ನೋಡ್ರಿ. ಹೆಣ್ಣಾದ್ರೆ ರೆಕ್ಕೆ ಉದುರಿಸಿ ಗ್ವಾಡ್ಯಾಗೆ ಹೊಸ ಗೂಡು ಹೂಡ್ತಾವೆ. ಗಂಡಾದ್ರೆ ಬೇಗ ಸಾಯ್ತಾವೆ, ಚಿಂತಿಲ್ಲ."

"ಹೆಂಗೆ ಗೊತ್ತಾಗ್ತೈತೆ?"

"ತಲೆ ಸಣ್ಣದು, ಕಣ್ಣು ದೊಡ್ಡವು, ಭುಜ ಪೈಲ್ವಾನಂದು, ಹೊಟ್ಟೆ ತೆಳ್ಳಗೈತಾ, ಗಂಡು. ತಲೆ ದಪ್ಪ, ಡೊಳ್ಳು ಹೊಟ್ಟೆ ಐತಾ, ರಾಣಿ."

ಇರುವೆಗೆ ಉದುರಿಸಲು ಅರಿಶಿನದ ಡಬ್ಬಿ ಹಿಡಿದು ಬಂದ ಎದುರುಮನೆ ಊರಮ್ಮ ಹನುಮೇಶನನ್ನೇ ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ನಿಮ್ಮುನ್ನ ಯಾವುದ್ರಾಗೆ ಸೇರಿಸ್ಬೇಕಪ್ಪಾ?"

ಹನುಮೇಶ್ ಹೊಟ್ಟೆ ಒಳಗೆಳೆದುಕೊಂಡು ನೆಲಕ್ಕೆ ಮಲಗಿ, ಮೊಬೈಲ್ ಕ್ಯಾಮೆರಾದಲ್ಲಿ ಒಂದೊಂದನ್ನೇ ಪರೀಕ್ಷಿಸಿದ. ಹೆಣ್ಣು ಸಿಗದಿರಲಿ ಎಂದು ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತು ಹೆಣ್ಣು ಹುಡುಕಿದವನು ಅವನೊಬ್ಬನೇ ಇರಬೇಕು. ಒಂದು ಇರುವೆ ಮೂಗಿಗೆ ಹೊಕ್ಕಿತು. ಸೀನಿದ ರಭಸಕ್ಕೆ ಊರಮ್ಮ ಬೆಚ್ಚಿ, ಅರಿಶಿನವೆಲ್ಲ ಅವನ ತಲೆ ಮೇಲೆ. ಆದರೂ ನೋಡಿದ್ದೆಲ್ಲ ಸಣ್ಣ ತಲೆ, ತೆಳು ಹೊಟ್ಟೆ! ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಕಸ್ತೂರಮ್ಮ ಬಂದೇಬಿಟ್ಟರು. ಅರಿಶಿನ ಹಚ್ಚಿದ ಮದುಮಗನಂತಿದ್ದ ಹನುಮೇಶ್ ಕೈಮುಗಿದ. "ಅಮ್ಮಾರೆ, ಹೆದರ್ಬ್ಯಾಡ್ರಿ. ಎಲ್ಲಾ ಗಂಡಿರುವೆ. ಗೂಡು ಕಟ್ಟಲ್ಲ."

"ಕಟ್ಟಲ್ಲ ಸರಿ. ಹುಟ್ಟಿದ್ದೆಲ್ಲಿ?" ಕಸ್ತೂರಮ್ಮ ಬಿರುಕು ತೋರಿಸಿದರು. "ಇವರವ್ವ ಒಳಗೇ ಅದಾಳೆ."

ದಿನೇಶ್ ಮೆಲ್ಲಗೆ ಜಾರಿಕೊಂಡ.

"ಈ ಮನ್ಯಾಗೆ ಇದ್ದಾಗ ಶನಿವಾರ ಶನಿವಾರ ಸಕ್ಕರೆ ಹಾಕಿ ನಾನೇ ಸಾಕಿದ್ದು," ಎಂದರು ಕಸ್ತೂರಮ್ಮ. "ಹಿಂದ್ಲೋರು ಔಷಧಿ ಹೊಡೆದ್ರು, ಅದಕ್ಕೇ ಬಿಡಿಸ್ದೆ. ನೀವು ಒಂದೊಂದ್ರ ಮಕ ನೋಡಿ ವಿಚಾರಿಸ್ಕೋತಿದ್ದೀರಿ. ಎಷ್ಟು ವರ್ಷ ಬೇಕಾದ್ರೂ ಇರ್ರಿ."

ಅಬ್ಬಾ, ಮನೆ ಉಳಿಯಿತು! ಹನುಮೇಶ್ ಉಸಿರು ಬಿಟ್ಟ, ಹೊಟ್ಟೆಯೂ ಸ್ವಸ್ಥಾನಕ್ಕೆ ಬಂತು.

ಕಸ್ತೂರಮ್ಮ ಚೀಲದಿಂದ ಸಕ್ಕರೆ ಪೊಟ್ಟಣ ತೆಗೆದು ಅವನ ಕೈಗಿಟ್ಟರು. "ಇನ್ಮ್ಯಾಲೆ ಇದು ನಿಮ್ಮ ಕೆಲ್ಸ. ಮತ್ತೆ, ಗ್ಯಾಸ್ ಒಲೆ ವರಾಂಡಕ್ಕೆ ಹಾಕ್ಕೋರಿ. ಒಗ್ಗರಣೆ ಘಾಟು ಅವುಕ್ಕ ಆಗಂಗಿಲ್ಲ."